ಜಪಾನೀಯರ ಜಾಹೀರಾತು ಗೀತಗಳು

ಸರಕನ್ನು ಮಾರುವುದಕ್ಕೋಸ್ಕರ ಕಟ್ಟಿದ ಹಾಡು ವಿದ್ವತ್ಪತ್ರಿಕೆಯ ವಿಚಾರಕ್ಕೆ ತಕ್ಕ ವಸ್ತುವೇ ಎಂದು ವಾಚಕರಲ್ಲಿ ಕೆಲವರು ಸಂದೇಹಪಡಬಹುದು. ಬೀಸುವ ಪದ, ಕುಟ್ಟುವ ಪದಗಳನ್ನು ಕುರಿತೂ ಒಂದು ಕಾಲದಲ್ಲಿ ಇಂತಹ ಸಂದೇಹವೇ ಇದ್ದಿತು. ಆ ಪದಗಳನ್ನು ಹಾಡಿದವರು ಕಾವ್ಯವನ್ನು ರಚಿಸಬೇಕೆಂದು ಹೊರಟವರಲ್ಲ. ಕೆಲಸ ಹಗುರವಾಗಲೆಂದು ಹಾಡಿದರು. ಆದರೂ ಅವುಗಳಲ್ಲಿ ಭಾಷೆಯ ಸತ್ತ್ವವೂ ಜನಜೀವನದ ಸಾಕ್ಷ್ಯವೂ ಉಳಿದುಬಂದಿರುವುವೆಂಬುದನ್ನು ಇಂದು ಎಲ್ಲರೂ ಒಪ್ಪುವರು. ಜಪಾನಿನಲ್ಲಿ ಕಳೆದ ಎಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ಬೆಳೆದುಬಂದ ಜಾಹೀರಾತು ಗೀತಗಳ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬಹುದೇ, ಹೇಳಬಹುದಾದರೆ ಎಷ್ಟರ ಮಟ್ಟಿಗೆ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಜಪಾನೀಯರು ಈ ಹಾಡುಗಳನ್ನು ಇಂಗ್ಲಿಷಿನಿಂದ ತೆಗೆದುಕೊಂಡ 'ಸಿ. ಎಂ. ಸಾಂಗ್' ಎಂಬ ಹೆಸರಿನಿಂದ ಕರೆಯುವರು. ಹೆಸರು ಎರವಲಾದರೂ ವಸ್ತು ಎರವಲಲ್ಲವೆಂಬುದು ಮುಂದಿನ ವಿವರಣೆಯಿಂದ ತಿಳಿದುಬರುವುದು.

೧. ಪೂರ್ವವೃತ್ತ

ಮಾರಾಟದ ಮಾತನ್ನು ಜಾಣತನದಿಂದ ಹೆಣೆಯುವ ಪದ್ಧತಿ ಜಪಾನಿನಲ್ಲಿ ಹಳೆಯದು. ಹಿರಾಗಾ ಗೆನ್ನಾಯ್ (೧೭೨೮–೧೭೮೦) ಎಂಬ ಪಂಡಿತನು ಸಸ್ಯಶಾಸ್ತ್ರ, ಗಣಿವಿದ್ಯೆ, ನಾಟಕ, ಕಥೆ ಮುಂತಾದ ಹಲವು ಕ್ಷೇತ್ರಗಳಲ್ಲಿ ಕೈಯಾಡಿಸಿದವನು. ಇವನು ೧೭೬೯ರಲ್ಲಿ 'ಸೋಸೆಕಿಕೋ' ಎಂಬ ಹಲ್ಲುಪುಡಿಗಾಗಿ ಹಾಸ್ಯಮಯವಾದ ಕರಪತ್ರವೊಂದನ್ನು ಬರೆದುಕೊಟ್ಟನು. ಜಪಾನಿನ ಜಾಹೀರಾತಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಇವನ ಹೆಸರಿನಿಂದಲೇ ಆರಂಭಿಸುವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ 'ಚಿಂದೊನ್‌ಯಾ' ಎಂಬ ವಾದ್ಯಗಾರರು ಬಣ್ಣಬಣ್ಣದ ವೇಷ ತೊಟ್ಟು, ಜಾಗಟೆ ಮದ್ದಳೆಗಳನ್ನು ಬಾರಿಸುತ್ತ ಬೀದಿಬೀದಿಗಳಲ್ಲಿ ಅಂಗಡಿಗಳ ಹೆಸರನ್ನು ಸಾರತೊಡಗಿದರು. ಹೀಗೆ, ವ್ಯಾಪಾರದ ಮಾತಿಗೆ ವಿನೋದವೂ ವಾದ್ಯವೂ ಜತೆಗೂಡಬೇಕೆಂಬ ರುಚಿ ಜನರಲ್ಲಿ ಮೊದಲೇ ನೆಲೆಗೊಂಡಿದ್ದಿತು.

ಆದರೆ ಈ ರುಚಿಗೆ ರೇಡಿಯೋದಲ್ಲಿ ಬಹುಕಾಲ ಎಡೆಯಿರಲಿಲ್ಲ. ಜಪಾನಿನಲ್ಲಿ ರೇಡಿಯೋ ಪ್ರಸಾರವು ೧೯೨೫ರಲ್ಲಿ ಮೊದಲಾಯಿತು; ಮರುವರ್ಷವೇ ಅದು ಎನ್. ಎಚ್. ಕೆ. ಎಂಬ ಒಂದೇ ಸಂಸ್ಥೆಯ ವಶವಾಯಿತು. ಈ ಸಂಸ್ಥೆಯು ಕೇಳುವವರಿಂದ ಶುಲ್ಕವನ್ನು ಪಡೆದು ನಡೆಯುವುದಾದುದರಿಂದ ಅಂದೂ ಇಂದೂ ಜಾಹೀರಾತುಗಳನ್ನು ಪ್ರಸಾರಮಾಡುವುದಿಲ್ಲ. ಯುದ್ಧಾನಂತರ ೧೯೫೦ರಲ್ಲಿ ಹೊಸ ಪ್ರಸಾರ ಕಾಯಿದೆಯು ಜಾರಿಗೆ ಬಂದು ಖಾಸಗಿ ನಿಲಯಗಳಿಗೆ ದಾರಿಯಾಯಿತು. ೧೯೫೧ನೆಯ ಸೆಪ್ಟೆಂಬರ್ ೧ರಂದು ನಗೋಯಾ ಮತ್ತು ಒಸಾಕಾ ನಗರಗಳಲ್ಲಿ ಒಂದೊಂದು ಖಾಸಗಿ ರೇಡಿಯೋ ನಿಲಯವು ಆರಂಭವಾಯಿತು. ಜಾಹೀರಾತು ಗೀತವು ಹುಟ್ಟಿದುದು ಆ ವಾರದಲ್ಲಿಯೇ.

೨. ಮೊದಲ ಹಾಡು

ಆ ಸೆಪ್ಟೆಂಬರ್ ೭ರಂದು ಒಸಾಕಾ ನಿಲಯದಿಂದ 'ನಾನೊಬ್ಬ ಹವ್ಯಾಸಿ ಛಾಯಾಗ್ರಾಹಕ' ಎಂಬರ್ಥದ ಹೆಸರುಳ್ಳ ಹಾಡೊಂದು ಪ್ರಸಾರವಾಯಿತು. ಇದನ್ನು ರಚಿಸಿ ರಾಗ ಕಟ್ಟಿದವನು ಮಿಕಿ ಟೋರಿರೋ (೧೯೧೪–೧೯೯೪). ಹಾಡಿದವನು ಆ ಕಾಲದ ಜನಪ್ರಿಯ ಗಾಯಕ ಹೈದಾ ಕತ್ಸುಹಿಕೊ. ಹಾಡಿಸಿದುದು ಛಾಯಾಚಿತ್ರದ ಫಿಲ್ಮುಗಳನ್ನು ಮಾಡುತ್ತಿದ್ದ ಕೊನಿಷಿರೊಕು ಎಂಬ ಕಂಪೆನಿ. ಜಪಾನಿನ ಮೊದಲ ಜಾಹೀರಾತು ಗೀತವೆಂದು ಎಣಿಸಲ್ಪಡುವ ಈ ಹಾಡಿನಲ್ಲಿ ಕಂಪೆನಿಯ ಹೆಸರಾಗಲಿ ಸರಕಿನ ಹೆಸರಾಗಲಿ ಎಲ್ಲಿಯೂ ಬರುವುದಿಲ್ಲ. ಉತ್ಸಾಹದಿಂದ ಚಿತ್ರಗಳನ್ನು ತೆಗೆದು ತೆಗೆದು ಕೆಡಿಸಿಕೊಳ್ಳುವ ಒಬ್ಬ ಹವ್ಯಾಸಿಯ ಪಾಡು ಅದರ ವಸ್ತು. ಕೇಳಿದವರು ನಕ್ಕರು, ನಕ್ಕವರು ನೆನಪಿಟ್ಟರು.

ಮಿಕಿ ಟೋರಿರೋ ಟೋಕಿಯೋ ಸಾಮ್ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರವನ್ನು ಓದಿದವನು. ಯುದ್ಧವು ಮುಗಿದ ಬಳಿಕ ಎನ್. ಎಚ್. ಕೆ. ನಿಲಯದಲ್ಲಿ ರಾಜಕೀಯ ವಿಡಂಬನೆಯ ಹಾಡುಗಳನ್ನೂ ಪ್ರಹಸನಗಳನ್ನೂ ನಡೆಸಿ ಹೆಸರು ಗಳಿಸಿದನು. ೧೯೪೭ರಲ್ಲಿ ಆರಂಭವಾದ ಅವನ ಭಾನುವಾರದ ವಿನೋದ ಕಾರ್ಯಕ್ರಮವು ಅಧಿಕಾರಸ್ಥರಿಗೆ ಮುಜುಗರವನ್ನು ತರುವಷ್ಟು ಮಟ್ಟಿಗೆ ಜನಪ್ರಿಯವಾಗಿದ್ದಿತು. ಆ ಕಾರ್ಯಕ್ರಮವು ೧೯೫೨ರಲ್ಲಿ ನಿಂತಿತು. ಅದರ ಸ್ಥಾನದಲ್ಲಿ ಬಂದ ಮತ್ತೊಂದೂ ೧೯೫೪ರಲ್ಲಿ ಕೊನೆಗಂಡಿತು. ದೊರೆಗಳನ್ನು ಅಣಕಿಸುತ್ತಿದ್ದ ಲೇಖನಿಯು ಆಮೇಲೆ ಸಾಬೂನು, ಔಷಧ, ವಿದ್ಯುದ್ದೀಪಗಳನ್ನು ಹೊಗಳತೊಡಗಿತು. ಇದನ್ನು ಇಳಿತವೆನ್ನುವವರು ಇರಬಹುದು. ಆದರೆ ಕಡಮೆ ಮಾತಿನಲ್ಲಿ ಹೆಚ್ಚು ಅರ್ಥ, ಶ್ಲೇಷೆ, ಹಠಾತ್ತಾಗಿ ಬರುವ ತಿರುವು ಎಂಬ ವಿಡಂಬನಕಾರನ ಸಾಧನಗಳೆಲ್ಲವೂ ಹೊಸ ಪ್ರಕಾರಕ್ಕೆ ಹುಟ್ಟಿನಲ್ಲಿಯೇ ದಕ್ಕಿದುವೆಂಬುದನ್ನು ಮರೆಯಬಾರದು. ಮಿತ್ಸುವಾ ಎಂಬ ಸಾಬೂನಿನ ಹಾಡನ್ನು ಉದಾಹರಿಸಬಹುದು. ಜಪಾನೀ ಭಾಷೆಯಲ್ಲಿ 'ಮಿತ್ಸು' ಎಂದರೆ ಮೂರು. ಮಿತ್ಸುವಾ ಎಂಬ ಹೆಸರನ್ನು ಒಡೆದು 'ವಾ' ಎಂಬ ಅಕ್ಷರವು ಮೂರು ಎಂಬಂತೆ ಮಿಕಿ ಹಾಡಿಸಿದನು. ಇಷ್ಟು ಮಾತ್ರದಿಂದಲೇ ಸಾಬೂನಿನ ಹೆಸರು ಮಕ್ಕಳ ಎಣಿಕೆಯ ಆಟವಾಗಿ ಪರಿಣಮಿಸಿತು.

ಟೆಲಿವಿಷನ್ ಬಂದುದು ೧೯೫೩ರಲ್ಲಿ. ಫೆಬ್ರವರಿ ೧ರಂದು ಎನ್. ಎಚ್. ಕೆ.ಯೂ, ಆಗಸ್ಟ್ ೨೮ರಂದು ಮೊದಲ ಖಾಸಗಿ ನಿಲಯವಾದ ನಿಪ್ಪೊನ್ ಟೆಲಿವಿಷನ್ನೂ ಪ್ರಸಾರವನ್ನು ಆರಂಭಿಸಿದುವು. ರೇಡಿಯೋದಲ್ಲಿ ಪಳಗಿದ ಹಾಡು ಅಲ್ಲಿಂದ ಮುಂದೆ ಚಿತ್ರದ ಜತೆಯನ್ನು ಪಡೆಯಿತು.

೩. ಭಾಷೆ, ಛಂದಸ್ಸು, ಸ್ವರ

ಈ ಹಾಡುಗಳು ಇಷ್ಟು ಸುಲಭವಾಗಿ ಬಾಯಿಗೆ ಬರುವುದಕ್ಕೆ ಕಾರಣವೇನು? ಮೊದಲು ಭಾಷೆಯ ಲಕ್ಷಣವನ್ನು ನೋಡೋಣ. ಜಪಾನೀ ಪದ್ಯದ ಅಳತೆಗೋಲು ನಮ್ಮ ಮಾತ್ರೆಯನ್ನು ಬಹಳವಾಗಿ ಹೋಲುವುದು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ತಡೆಗೂ ಪದಾಂತ್ಯದ ನಕಾರಕ್ಕೂ ಬೇರೆ ಬೇರೆಯಾಗಿ ಒಂದೊಂದು ಮಾತ್ರೆ. ದೇಶದ ಹೆಸರಾದ 'ನಿಪ್ಪೊನ್' ಎಂಬುದು ಅವರ ಲೆಕ್ಕದಲ್ಲಿ ನಾಲ್ಕು ಮಾತ್ರೆ. ನಮ್ಮ ಛಂದಶ್ಶಾಸ್ತ್ರದಂತೆ ಎರಡು ಗುರುಗಳೆಂದು ಎಣಿಸಿದರೂ ನಾಲ್ಕೇ ಆಗುವುದು. ವ್ಯತ್ಯಾಸವು ಹಾಡುವಲ್ಲಿ ಕಾಣುವುದು: ಅವರ ಹಳೆಯ ಗಾಯನಪದ್ಧತಿಯಲ್ಲಿ ಮಾತ್ರೆಗೊಂದರಂತೆ ಸ್ವರವು ಬೀಳುವುದು ವಾಡಿಕೆ. ಆದುದರಿಂದ ಪದಗಳು ಒಂದರಲ್ಲೊಂದು ಕಲಸಿಹೋಗದೆ ಬಿಡಿಬಿಡಿಯಾಗಿ ಕಿವಿಗೆ ಮುಟ್ಟುವುವು. ಸರಕಿನ ಹೆಸರನ್ನು ಕೇಳಿಸಬೇಕಾದ ಹಾಡಿಗೆ ಇದಕ್ಕಿಂತ ಅನುಕೂಲವಾದುದು ಬೇರೊಂದಿಲ್ಲ.

ಎರಡನೆಯದು ಸ್ವರಾಘಾತ. ಜಪಾನೀ ಭಾಷೆಯಲ್ಲಿ ಪದದ ಯಾವ ಭಾಗವನ್ನು ಏರಿಸಿ ಯಾವುದನ್ನು ಇಳಿಸಬೇಕೆಂಬ ನಿಯಮ ಉಂಟು. ಟೋಕಿಯೋ ನಗರದ ಆಡುಮಾತಿನಲ್ಲಿ 'ಹಷಿ' ಎಂಬುದರ ಮೊದಲ ಅಕ್ಷರವನ್ನು ಏರಿಸಿದರೆ ಊಟದ ಕಡ್ಡಿಗಳೆಂದರ್ಥ. ಎರಡನೆಯದನ್ನು ಏರಿಸಿದರೆ ಸೇತುವೆ. ರಾಗವು ಈ ಏರಿಳಿತಕ್ಕೆ ವಿರುದ್ಧವಾಗಿ ಸಾಗಿದರೆ ಅರ್ಥವು ತೊಡಕಾಗುವುದು. ಯಾಮಾದ ಕೋಸಾಕು (೧೮೮೬–೧೯೬೫) ಎಂಬ ವಾಗ್ಗೇಯಪಂಡಿತನು ಮಾತಿನ ಏರಿಳಿತವನ್ನೇ ರಾಗವು ಅನುಸರಿಸಬೇಕೆಂದು ಸಾಧಿಸಿದವನು. ಉತ್ತಮವಾದ ಜಾಹೀರಾತು ಗೀತಗಳಲ್ಲಿ ಈ ತತ್ತ್ವದ ಅನುಸರಣೆಯನ್ನು ಕಾಣಬಹುದು. ಹೆಸರನ್ನು ಕೂಗಿ ಹೇಳಿದರೆ ಹೇಗೋ ಹಾಗೆಯೇ ಹಾಡಿನಲ್ಲಿಯೂ ಅದು ಕೇಳಿಸುವುದು.

ಮೂರನೆಯದು ಸ್ವರಸಮೂಹ. ಮೇಯ್‌ಜಿ ಕಾಲದಿಂದ ಜಪಾನಿನ ಶಾಲೆಗಳಲ್ಲಿ ಬೇರೂರಿದ ಒಂದು ಪಂಚಸ್ವರ ಪದ್ಧತಿಯುಂಟು; ಪಾಶ್ಚಾತ್ಯ ಸಪ್ತಕದಿಂದ ನಾಲ್ಕನೆಯ ಮತ್ತು ಏಳನೆಯ ಸ್ವರಗಳನ್ನು ಬಿಟ್ಟುದು. ಉಳಿದುವು ಸ-ರಿ-ಗ-ಪ-ದ, ಎಂದರೆ ನಮ್ಮ ಮೋಹನ ರಾಗದ ಸ್ವರಗಳು. ಗಮಕಗಳಿಲ್ಲದ ಕಾರಣ ಅದನ್ನು ಮೋಹನವೆಂದು ಕರೆಯಲಾಗದು. ಆದರೂ ನಮ್ಮ ಕಿವಿಗೆ ಆ ಹಾಡುಗಳು ಪರಿಚಿತವೆನಿಸುವುದಕ್ಕೆ ಇದೇ ಕಾರಣ.

ಕೊನೆಯದಾಗಿ ಕಾಲಮಿತಿ. ಜಪಾನಿನ ಟೆಲಿವಿಷನ್ ಜಾಹೀರಾತುಗಳಲ್ಲಿ ಹೆಚ್ಚಿನವು ೧೫ ಸೆಕೆಂಡುಗಳಲ್ಲಿ ಮುಗಿಯುವುವು. ೩೦ ಸೆಕೆಂಡುಗಳವು ಅಷ್ಟು ಹೆಚ್ಚಿಲ್ಲ. ಪೀಠಿಕೆ, ಬೆಳವಣಿಗೆ, ಮುಕ್ತಾಯ ಇವೆಲ್ಲವೂ ಇಷ್ಟರೊಳಗೆ ಅಡಗಬೇಕು. ಐದು ಮತ್ತು ಏಳು ಮಾತ್ರೆಗಳ ಪಂಕ್ತಿಗಳಲ್ಲಿ ಸಾವಿರ ವರ್ಷಗಳಿಗೂ ಮೇಲ್ಪಟ್ಟು ಕವಿತೆಯನ್ನು ಕಟ್ಟುತ್ತ ಬಂದ ಜನಕ್ಕೆ ಈ ಇಕ್ಕಟ್ಟು ಹೊಸದಲ್ಲ.

ಸಂಕ್ಷೇಪದ ಈ ಜಾಣ್ಮೆಗೆ ಹತೋಯಾ ಎಂಬ ಹೋಟೆಲಿನ ಹಾಡು ಒಳ್ಳೆಯ ನಿದರ್ಶನ. ಇಜು ಪರ್ಯಾಯದ್ವೀಪದಲ್ಲಿ ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಇತೋ ಪಟ್ಟಣದಲ್ಲಿ ಈ ಹೋಟೆಲು ಇರುವುದು. ೧೯೬೧ರಲ್ಲಿ ಹುಟ್ಟಿದ ಈ ಹಾಡು ಅದರ ದೂರವಾಣಿಯ ಸಂಖ್ಯೆಯಾದ ೪೧೨೬ನ್ನು ಇಡೀ ದೇಶಕ್ಕೆ ಕಲಿಸಿತು. ಜಪಾನೀ ಭಾಷೆಯಲ್ಲಿ ಒಂದೊಂದು ಅಂಕಿಗೂ ಹಲವು ಉಚ್ಚಾರಣೆಗಳುಂಟು. ನಾಲ್ಕನ್ನು 'ಯೊ' ಎಂದೂ, ಒಂದನ್ನು 'ಇ' ಎಂದೂ, ಎರಡನ್ನು 'ಫು' ಎಂದೂ, ಆರನ್ನು 'ರೊ' ಎಂದೂ ಓದಿದರೆ 'ಯೊಯಿ ಫುರೊ' ಎಂದಾಗುವುದು. ಒಳ್ಳೆಯ ಸ್ನಾನ ಎಂದು ಇದರ ಅರ್ಥ. ನಮ್ಮ ಕಟಪಯಾದಿ ಪದ್ಧತಿಯನ್ನು ಬಲ್ಲವರಿಗೆ ಇದು ವಿಸ್ಮಯವಾಗಲಾರದು. ಮಾಯಾಮಾಳವಗೌಳದ ಮೊದಲೆರಡು ಅಕ್ಷರಗಳಿಂದ ಐದನ್ನೂ ಒಂದನ್ನೂ ಪಡೆದು, ತಿರುಗಿಸಿ, ಹದಿನೈದನೆಯ ಮೇಳವೆಂದು ನಾವು ತಿಳಿಯುವೆವು. ನಮ್ಮಲ್ಲಿ ಸಂಖ್ಯೆಯನ್ನು ಹೆಸರಿನೊಳಗೆ ಅಡಗಿಸುವರು. ಅವರಲ್ಲಿ ಸಂಖ್ಯೆಯೊಳಗಿನಿಂದ ಮಾತನ್ನು ಹೊರತೆಗೆಯುವರು. ನೆನಪಿಗೆ ಊರುಗೋಲು ಬೇಕೆಂಬ ಅವಶ್ಯಕತೆಯು ಎರಡೆಡೆಯಲ್ಲಿಯೂ ಒಂದೇ.

ಈ ಹಾಡಿಗೆ ರಾಗ ಕಟ್ಟಿದವನು ಇಜುಮಿ ತಾಕು (೧೯೩೦–೧೯೯೨). ಮಾತನ್ನು ಬರೆದವನು ನೊಸಾಕಾ ಅಕಿಯುಕಿ (೧೯೩೦–೨೦೧೫). ಮಿಕಿ ಟೋರಿರೋವಿನ ಕಚೇರಿಯಲ್ಲಿ ಕೆಲಸಮಾಡಿ ಈ ವೃತ್ತಿಗೆ ಬಂದ ಇದೇ ನೊಸಾಕಾ ಮುಂದೆ ೧೯೬೭ರಲ್ಲಿ, ಯುದ್ಧದಲ್ಲಿ ಹಸಿವಿನಿಂದ ಸಾಯುವ ಅಣ್ಣತಂಗಿಯರ ಕಥೆಯಾದ 'ಮಿಂಚುಹುಳುಗಳ ಸಮಾಧಿ'ಯನ್ನು ಬರೆದು, ನವೊಕಿ ಪಾರಿತೋಷಕವನ್ನು ಪಡೆದನು. ಜಾಹೀರಾತಿನ ಹಾಡನ್ನೂ ಗಂಭೀರ ಸಾಹಿತ್ಯವನ್ನೂ ಒಂದೇ ಕೈ ಬರೆಯಬಲ್ಲುದೆಂಬುದಕ್ಕೆ ಇನ್ನಾವ ಪ್ರಮಾಣವೂ ಬೇಕಿಲ್ಲ.

೪. ಹೆಸರು ತಿಳಿಯದ ಮರ

ಈ ಪ್ರಕಾರವನ್ನು ಅತ್ಯುನ್ನತ ಸ್ಥಿತಿಗೆ ತಂದವನು ಕೊಬಾಯಾಷಿ ಆಸೆಯ್ (೧೯೩೨–೨೦೨೧). ರೆನೌನ್ ಎಂಬ ಉಡುಪಿನ ಕಂಪೆನಿಗಾಗಿ ೧೯೬೧ರಲ್ಲಿ ಕಟ್ಟಿದ ಹಾಡಿನಿಂದ ಇವನು ಪ್ರಸಿದ್ಧಿಗೆ ಬಂದನು. ಇವನ ಹಾಡುಗಳಲ್ಲಿ ಹಿಟಾಚಿ ಸಂಸ್ಥೆಗಾಗಿ ೧೯೭೩ರಲ್ಲಿ ಹುಟ್ಟಿದುದು ಅತ್ಯಂತ ಖ್ಯಾತವಾದುದು. ಅದರ ಮಾತುಗಳನ್ನು ಬರೆದವನು ಇತೋ ಅಕಿರಾ. ಇದೇನು ಮರವೋ, ಹೆಸರು ತಿಳಿಯದು ಎಂಬ ಭಾವದಿಂದ ಆರಂಭವಾಗಿ, ಇಂತಹುದೇ ಕಂಡರಿಯದ ಹೂವನ್ನು ಬಿಡುವುದೆಂದು ಮುಂದುವರಿಯುವ ಈ ಹಾಡು ಯಂತ್ರಗಳ ವಿಷಯವನ್ನೇ ಎತ್ತುವುದಿಲ್ಲ. ಮಗುವಿನ ಪ್ರಶ್ನೆಯಂತೆ ತೋರುವ ಈ ಮಾತುಗಳು ಇಂದಿಗೂ ಜನರ ಬಾಯಲ್ಲಿರುವುವು.

ಚಿತ್ರದಲ್ಲಿ ಜನರು ಕಂಡು ಬಲ್ಲ ಮರವು ಜಪಾನಿನದಲ್ಲ. ಹವಾಯಿ ದ್ವೀಪಗಳ ಪೈಕಿ ಒವಾಹು ದ್ವೀಪದ ಮೊವಾನಲುವಾ ತೋಟದಲ್ಲಿ ಬೆಳೆದಿರುವುದು. ಕೊಡೆಯಂತೆ ಹರಡಿದ ಅದರ ನೆತ್ತಿಯನ್ನು ನೋಡಲೆಂದು ಜಪಾನಿನ ಪ್ರವಾಸಿಗಳು ಅಲ್ಲಿಗೆ ಹೋಗುವರು. ಹಾಡಿನಲ್ಲಿ ಹೆಸರು ತಿಳಿಯದೆಂದು ಹೇಳಿದ ಆ ಮರದ ಹೆಸರನ್ನು ಬೆಂಗಳೂರಿನ ವಾಚಕರು ಬಲ್ಲರು. ಅಮೆರಿಕಾ ಖಂಡದ ಉಷ್ಣಪ್ರದೇಶದಿಂದ ಬಂದು ಬೆಂಗಳೂರಿನ ಹಳೆಯ ರಸ್ತೆಗಳ ಇಕ್ಕೆಲಗಳಲ್ಲಿ ನೆರಳು ಚೆಲ್ಲಿರುವ ಮಳೆಮರವೇ ಅದು. ಮಾತು ಬರೆದ ಇತೋ, ರಾಗ ಕಟ್ಟಿದ ಕೊಬಾಯಾಷಿ ಇಬ್ಬರೂ ೨೦೨೧ನೆಯ ಮೇ ತಿಂಗಳೊಂದರಲ್ಲಿಯೇ ತೀರಿಕೊಂಡರು.

ಹಾಡು ಸರಕಿಗಿಂತ ಹೆಚ್ಚು ಕಾಲ ಬಾಳುವುದೆಂಬುದಕ್ಕೆ ಮತ್ತೊಂದು ನಿದರ್ಶನವುಂಟು. ಮೇಯ್‌ಜಿ ಕಂಪೆನಿಯು ೧೯೭೧ರಲ್ಲಿ 'ಚೆಲ್ಸೀ' ಎಂಬ ಮಿಠಾಯಿಯನ್ನು ಮಾರುಕಟ್ಟೆಗೆ ತಂದಿತು. ಯಾಸುಯಿ ಕಾಜುಮಿ ಎಂಬ ಕವಯಿತ್ರಿಯ ಮಾತು, ಕೊಬಾಯಾಷಿಯ ರಾಗ ಕೂಡಿ ಅದಕ್ಕೊಂದು ಹಾಡು ಆಯಿತು. ಹಲವರು ಗಾಯಕರು ಒಬ್ಬರ ತರುವಾಯ ಒಬ್ಬರು ಅದನ್ನು ಹಾಡಿದರು. ೨೦೨೪ನೆಯ ಮಾರ್ಚಿನಲ್ಲಿ ಮಿಠಾಯಿಯ ಮಾರಾಟವು ನಿಂತಿತು. ಹಾಡನ್ನು ಕೇಳಿ ಬೆಳೆದವರಿಗೆ ಮಾತ್ರ ಅದು ಮರೆತುಹೋಗಲಿಲ್ಲ. ಕೊಬಾಯಾಷಿಗೆ ಮೊದಲು ಹೆಸರು ತಂದ ರೆನೌನ್ ಕಂಪೆನಿಯೂ ೨೦೨೦ರಲ್ಲಿ ದಿವಾಳಿಯಾಯಿತು.

ಎಲ್ಲ ಹಾಡುಗಳಿಗೂ ಸ್ವಂತ ರಾಗವಿರುವುದೆಂದು ತಿಳಿಯಬಾರದು. ಯೊದೊಬಾಷಿ ಎಂಬ ಕ್ಯಾಮರಾ ಮಳಿಗೆಯು ಅಮೆರಿಕಾದ ಅಂತರ್ಯುದ್ಧಕಾಲದ ಸೈನಿಕಗೀತದ ಮಟ್ಟಿಗೆ ಟೋಕಿಯೋವಿನ ರೈಲುಮಾರ್ಗಗಳನ್ನು ಹೊಂದಿಸಿ, ಅಂಗಡಿಗೆ ದಾರಿ ಹೇಳಿಸಿತು. ಅದರ ಎದುರಾಳಿಯಾದ ಬಿಕ್ ಮಳಿಗೆಯು ಹತ್ತೊಂಬತ್ತನೆಯ ಶತಮಾನದ ಒಂದು ಕ್ರೈಸ್ತ ಸ್ತೋತ್ರದ ಮಟ್ಟನ್ನು ಹಿಡಿಯಿತು. ಈ ಎರಡು ಮಟ್ಟುಗಳೂ ಅದಕ್ಕೆ ಮೊದಲೇ ಜಪಾನೀ ಮಕ್ಕಳ ವಿನೋದದ ಪದಗಳಾಗಿ ದೇಶದಲ್ಲಿ ಹರಡಿದ್ದುವು. ಬಲ್ಲ ಮಟ್ಟಿಗೆ ಹೊಸ ಮಾತನ್ನು ಕೂಡಿಸುವುದು ನಮ್ಮ ದಾಸರ ಪದಗಳನ್ನೂ ತತ್ತ್ವಪದಗಳನ್ನೂ ಹಾಡುವವರಿಗೂ ತಿಳಿದ ಉಪಾಯವೇ.

೫. ಕಾಲದ ಬದಲಾವಣೆ

೧೯೭೦ರ ದಶಕದ ಉತ್ತರಾರ್ಧದಲ್ಲಿ ಈ ಪ್ರಕಾರವು ಬೇರೊಂದು ದಾರಿಯನ್ನು ಹಿಡಿಯಿತು. ಸರಕಿನ ಹೆಸರನ್ನು ಹಾಡುವುದರ ಬದಲು, ಜನಪ್ರಿಯ ಗಾಯಕರ ಹೊಸ ಹಾಡನ್ನೇ ಚಿತ್ರದ ಹಿನ್ನೆಲೆಯಲ್ಲಿ ಕೇಳಿಸುವುದು ರೂಢಿಯಾಯಿತು. ೧೯೭೮ರಲ್ಲಿ ಶಿಸೇಯ್‌ದೋ ಮತ್ತು ಕನೆಬೋ ಎಂಬ ಪ್ರಸಾಧನದ ಕಂಪೆನಿಗಳು ಋತುವಿಗೊಂದರಂತೆ ಹಾಡುಗಳನ್ನು ಆರಿಸಿ ಪೈಪೋಟಿ ನಡೆಸಿದುವು. ೧೯೭೯ರಲ್ಲಿ ಕುಬೋತಾ ಸಾಕಿ ಎಂಬ ಹೊಸ ಗಾಯಕಿಯ 'ಪರದೇಶಿ' ಎಂಬರ್ಥದ ಹಾಡು ಸ್ಯಾನ್ಯೊ ಟೆಲಿವಿಷನ್ ಪೆಟ್ಟಿಗೆಯ ಜಾಹೀರಾತಿನಿಂದ ದೇಶವ್ಯಾಪಿಯಾಯಿತು. ವಾಕೋಲ್ ಉಡುಪಿನ ಜಾಹೀರಾತಿನಲ್ಲಿ ಕೇಳಿಬಂದ ಜೂಡಿ ಓಂಗಳ ಹಾಡಿಗೆ ಅದೇ ವರ್ಷದ ಜಪಾನ್ ರೆಕಾರ್ಡ್ ಪಾರಿತೋಷಕವು ದೊರೆಯಿತು. ಇದರಿಂದ ರೆಕಾರ್ಡುಗಳ ವ್ಯಾಪಾರಕ್ಕೆ ಲಾಭವಾಯಿತು. ಆದರೆ ಸರಕಿಗೂ ಹಾಡಿಗೂ ಇದ್ದ ಒಳಸಂಬಂಧವು ಸಡಿಲವಾಯಿತು. ಒಂದು ಹಾಡು ಸುಗಂಧಕ್ಕೂ ಸಲ್ಲುವುದು, ಮೋಟಾರಿಗೂ ಸಲ್ಲುವುದು. ಮಿಕಿ, ಕೊಬಾಯಾಷಿ ಇವರ ಹಾಡುಗಳು ಹಾಗಲ್ಲ.

ಹಾಡು ಕಾಲಕ್ಕೆ ಕನ್ನಡಿಯಾಗುವುದಕ್ಕೆ ೧೯೮೯ರ ಒಂದು ಹಾಡು ಸಾಕ್ಷಿ. 'ರಿಗೇನ್' ಎಂಬ ಬಲವರ್ಧಕ ಪಾನೀಯಕ್ಕಾಗಿ ನಟ ತೊಕಿತೋ ಸಬುರೋ ಹಾಡಿದ ಈ ಗೀತವು, ಹಗಲಿರುಳೆನ್ನದೆ ದೇಶವಿದೇಶಗಳಲ್ಲಿ ದುಡಿಯುವ ಕಂಪೆನಿಯ ನೌಕರನನ್ನು ಯುದ್ಧವೀರನೆಂಬಂತೆ ಕೊಂಡಾಡಿತು. ಅದು ಆಸ್ತಿಪಾಸ್ತಿಗಳ ಬೆಲೆ ಮುಗಿಲಿಗೇರಿದ್ದ ಕಾಲ. ಜನರು ಅರ್ಧ ಹೆಮ್ಮೆಯಿಂದಲೂ ಅರ್ಧ ಪರಿಹಾಸ್ಯದಿಂದಲೂ ಹಾಡಿಕೊಂಡರು. ಅತಿಶ್ರಮದಿಂದ ಬರುವ ಮರಣಕ್ಕೆ ಜಪಾನೀ ಭಾಷೆಯಲ್ಲಿ 'ಕರೋಷಿ' ಎಂಬ ಪದವು ಬಳಕೆಗೆ ಬಂದುದೂ ಆ ದಶಕದಲ್ಲಿಯೇ. ಅಂತಹ ಮರಣಗಳನ್ನು ತಡೆಯಲು ೨೦೧೪ರಲ್ಲಿ ಒಂದು ಕಾಯಿದೆಯಾಯಿತು. ಅದೇ ವರ್ಷ ಅದೇ ಹೆಸರಿನ ಹೊಸ ಪಾನೀಯವೊಂದರ ಜಾಹೀರಾತಿನಲ್ಲಿ ಹಳೆಯ ಹಾಡು ಮರಳಿ ಬಂದಿತು; ಆದರೆ ಈ ಸಲ ಅದು ದಿನವಿಡೀ ಹೋರಾಡುವುದು ಕಷ್ಟವೆಂದು ಒಪ್ಪಿಕೊಂಡು, ಕೆಲವೇ ಗಂಟೆಗಳ ದುಡಿಮೆಯನ್ನು ಕೇಳಿತು. ಇಪ್ಪತ್ತೈದು ವರ್ಷಗಳಲ್ಲಿ ಒಂದು ಸಮಾಜದ ಮನಸ್ಸು ಎಷ್ಟು ಬದಲಾಯಿತೆಂಬುದನ್ನು ಈ ಎರಡು ಪಾಠಗಳನ್ನು ಹೋಲಿಸಿ ತಿಳಿಯಬಹುದು. ಹಾಡಿನ ಹೊಗಳಿಕೆಯು ಕೇವಲ ನಿರಪಾಯವೆಂದು ತಿಳಿಯುವವರು ಇದನ್ನು ಗಮನಿಸತಕ್ಕದ್ದು.

೬. ನ್ಯಾಯಾಸ್ಥಾನದ ಮುಂದೆ

ಈ ಹಾಡುಗಳು ನಿಜವಾದ ಕೃತಿಗಳೇ ಎಂಬ ಪ್ರಶ್ನೆಯು ಪಂಡಿತರ ಚರ್ಚೆಯಾಗಿಯೇ ಉಳಿಯಲಿಲ್ಲ. ಕೊಬಾಯಾಷಿಯು ೧೯೬೬ರಲ್ಲಿ ಬ್ರಿಜ್‌ಸ್ಟೋನ್ ಟಯರುಗಳ ಜಾಹೀರಾತಿಗಾಗಿ, ದಾರಿ ಕಠಿನವಾದರೂ ನಡೆದೇ ನಡೆಯೋಣವೆಂಬ ಭಾವದ ಒಂದು ಹಾಡನ್ನು ಮಾತು ರಾಗಗಳೆರಡನ್ನೂ ತಾನೇ ಕಟ್ಟಿ ರಚಿಸಿದ್ದನು. ಅದು ಜಾಹೀರಾತನ್ನು ಮೀರಿ ಜನರ ಹಾಡಾಯಿತು. ಹತ್ತೊರಿ ಕತ್ಸುಹಿಸಾ ಎಂಬ ಮತ್ತೊಬ್ಬ ಪ್ರಸಿದ್ಧ ಸಂಗೀತಕಾರನು ೧೯೯೨ರಲ್ಲಿ ರಚಿಸಿದ 'ಸ್ಮಾರಕವೃಕ್ಷ' ಎಂಬರ್ಥದ ಹಾಡು ತನ್ನ ರಾಗದಿಂದ ಹುಟ್ಟಿದುದೆಂದು ಕೊಬಾಯಾಷಿ ೧೯೯೮ರಲ್ಲಿ ದಾವೆ ಹೂಡಿದನು. ಹತ್ತೊರಿಯು ಇದನ್ನು ನಿರಾಕರಿಸಿದನು. ೨೦೦೦ದಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯವು ದಾವೆಯನ್ನು ತಳ್ಳಿಹಾಕಿತು. ಆದರೆ ೨೦೦೨ನೆಯ ಸೆಪ್ಟೆಂಬರ್ ೬ರಂದು ಟೋಕಿಯೋ ಉಚ್ಚ ನ್ಯಾಯಾಲಯವು ಆ ತೀರ್ಪನ್ನು ಬದಲಾಯಿಸಿತು. ಎರಡು ರಾಗಗಳನ್ನು ಸ್ವರಕ್ಕೆ ಸ್ವರ ಹೋಲಿಸಿ ನೋಡಿ, ೧೨೮ ಸ್ವರಗಳಲ್ಲಿ ೯೨ ಒಂದೇ ಎತ್ತರದಲ್ಲಿ ಬಿದ್ದಿರುವುವೆಂದೂ, ಮೊದಲಿನ ಹಾಡು ಅಷ್ಟು ವಿಖ್ಯಾತವಾಗಿದ್ದುದರಿಂದ ಎರಡನೆಯದು ಅದನ್ನು ಆಧರಿಸಿತೆಂದೂ ನಿರ್ಣಯಿಸಿತು. ೨೦೦೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮೇಲ್ಮನವಿಯನ್ನು ಅಂಗೀಕರಿಸಲಿಲ್ಲ.

ಇಲ್ಲಿ ತೂಗಲ್ಪಟ್ಟುದು ಇಬ್ಬರು ಸಂಗೀತಕಾರರ ವ್ಯಾಜ್ಯ ಮಾತ್ರವಲ್ಲ. ಟಯರುಗಳನ್ನು ಮಾರಲು ಕಟ್ಟಿದ ಪುಟ್ಟ ರಾಗವೂ, ಉಳಿದ ಸಂಗೀತಕೃತಿಗಳಂತೆಯೇ, ಕಟ್ಟಿದವನ ಸ್ವಂತ ಸೃಷ್ಟಿಯೆಂದು ಸೂಕ್ಷ್ಮವಾದ ಪರೀಕ್ಷೆಗೆ ಪಾತ್ರವಾಯಿತು. ಮುಂದೆ ೨೦೧೫ನೆಯ ಏಪ್ರಿಲಿನಿಂದ ಜಪಾನಿನಲ್ಲಿ ಧ್ವನಿಯನ್ನೂ ವ್ಯಾಪಾರಮುದ್ರೆಯಾಗಿ ನೋಂದಾಯಿಸುವ ಅವಕಾಶವು ದೊರೆಯಿತು. ಹಿಸಮಿತ್ಸು ಎಂಬ ಔಷಧದ ಕಂಪೆನಿಯು ತನ್ನ ಹೆಸರನ್ನು ಹಾಡುವ ಸ್ವರಗುಚ್ಛವನ್ನು ಮೊದಲಲ್ಲಿಯೇ ನೋಂದಾಯಿಸಿತು. ಹೀಗೆ ಒಂದು ಕಡೆ ಹಾಡು ಕವಿಯ ಕೃತಿಯೆಂದು ಮನ್ನಣೆ ಪಡೆಯಿತು. ಇನ್ನೊಂದು ಕಡೆ ಕಂಪೆನಿಯ ಸೊತ್ತಾಗಿಯೂ ನೆಲೆಗೊಂಡಿತು.

ಉಪಸಂಹಾರ

ಮೇಲಿನ ವಿವರಣೆಯಿಂದ ಮೂರು ಸಂಗತಿಗಳು ಸ್ಪಷ್ಟಪಡುವುವು. ಮೊದಲನೆಯದಾಗಿ, ಜಪಾನಿನ ಜಾಹೀರಾತು ಗೀತವು ಆ ಭಾಷೆಯ ಮಾತ್ರಾಗಣನೆ, ಸ್ವರಾಘಾತ, ಶ್ಲೇಷೆಗಳೆಂಬ ಹಳೆಯ ಬೇರುಗಳಿಂದಲೇ ರಸವನ್ನು ಹೀರಿದುದು. ಎರಡನೆಯದಾಗಿ, ನೆನಪಿನಲ್ಲಿ ನಿಂತ ಹಾಡುಗಳಲ್ಲಿ ಶ್ರೇಷ್ಠವಾದ ಹಲವು ತಮ್ಮ ಸರಕನ್ನು ಹೆಸರಿಸುವುದೇ ಇಲ್ಲ. ಕೇಳುವವನಿಗೆ ಮೊದಲು ಒಂದು ನಗುವನ್ನೋ ಒಂದು ಪ್ರಶ್ನೆಯನ್ನೋ ಕೊಟ್ಟು, ಋಣವನ್ನು ಅವನ ಇಚ್ಛೆಗೇ ಬಿಡುವುವು. ಮೂರನೆಯದಾಗಿ, ಅವುಗಳನ್ನು ಕಟ್ಟಿದವರ ಹೆಸರು ಹಾಡಿನೊಡನೆ ಕೇಳಿಬರುವುದಿಲ್ಲ. ಕೋಟ್ಯಂತರ ಜನರು ಹಾಡಿಕೊಂಡ ಮಾತನ್ನು ಬರೆದವರು ಯಾರೆಂದು ಹಾಡಿದವರಿಗೇ ತಿಳಿಯದು. ಬೀಸುವ ಪದಗಳಿಗೂ ಇವುಗಳಿಗೂ ಇರುವ ಅತ್ಯಂತ ನಿಕಟವಾದ ಸಾಮ್ಯವು ಇದೇ.

ಭೇದವೂ ಉಂಟು. ಬೀಸುವ ಪದದ ಕವಿಯನ್ನು ನಾವು ಇನ್ನು ಹುಡುಕಲಾರೆವು, ಇವರನ್ನು ಹುಡುಕಬಲ್ಲೆವು. ಅವರಲ್ಲಿ ಮೊದಲ ತಲೆಮಾರಿನವರು ಒಬ್ಬೊಬ್ಬರಾಗಿ ಗತಿಸುತ್ತಿರುವ ಈ ಕಾಲದಲ್ಲಿ ಹಾಡಿನ ಪಕ್ಕದಲ್ಲಿ ಹೆಸರನ್ನು ಬರೆದಿಡುವುದು ವಿದ್ವಾಂಸರ ಕರ್ತವ್ಯ. ನಮ್ಮ ನಾಡಿನಲ್ಲಿಯೂ ರೇಡಿಯೋ ಟೆಲಿವಿಷನ್‌ಗಳ ಮೂಲಕ ಕನ್ನಡದ ಕಿವಿಗೆ ಬಿದ್ದ ಇಂತಹ ಹಾಡುಗಳು ಕಡಮೆಯಲ್ಲ. ಅವುಗಳ ಮಾತನ್ನು ಹೊಂದಿಸಿದವರು ಯಾರು, ಬೇರೆ ಭಾಷೆಯ ಮಟ್ಟಿಗೆ ಕನ್ನಡವನ್ನು ಕೂಡಿಸುವಾಗ ಗುರು ಲಘುಗಳಿಗೆ ಒದಗಿದ ಗತಿ ಯಾವುದು ಎಂಬುದನ್ನು ಬಲ್ಲವರು ಇರುವಾಗಲೇ ಕೇಳಿ ಬರೆದಿಡುವುದು ಉಚಿತವೆಂದು ತೋರುವುದು.